ಟಿಡ್ಲಿವಿಕಿ ಟಿಪ್ಪಣಿಕೋಶವನ್ನು ಸ್ವತಂತ್ರ ಡೆಸ್ಕ್‌ಟಾಪ್ ತಂತ್ರಾಂಶವಾಗಿ ಕಟ್ಟುವಾಗ ಟಿಪ್ಪಣಿಗಳು ಎಲ್ಲಿರಬೇಕು?

ಪ್ರಶ್ನೆ: ಶಾಸನಾಸಕ್ತ

ಎಲ್ಲರಿಗೂ ನಮಸ್ಕಾರ.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಸನಗಳು, ವೀರಗಲ್ಲುಗಳು ಹಾಗೂ ಮಾಸ್ತಿಕಲ್ಲುಗಳ ಬಗ್ಗೆ ನಾನು 2015ರಿಂದ ಟಿಡ್ಲಿವಿಕಿಯಲ್ಲಿ ಟಿಪ್ಪಣಿ ಮಾಡುತ್ತ ಬಂದಿದ್ದೇನೆ. ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅಚ್ಚಾದ ಪಾಠವನ್ನು ಕಲ್ಲಿನ ಮುಂದೆ ಕುಳಿತು ಓದಿದ ಪಾಠದೊಂದಿಗೆ ಹೋಲಿಸಿ, ಒಂದೊಂದು ಶಾಸನಕ್ಕೆ ಒಂದೊಂದು ಟಿಡ್ಲರ್, ಅಂದರೆ ಬಿಡಿ ಟಿಪ್ಪಣಿ, ಬರೆದು, ಅದಕ್ಕೆ ಊರು, ಶಕವರ್ಷ, ಅರಸ, ಲಿಪಿಕಾರ, ಕಲ್ಲಿನ ಈಗಿನ ಸ್ಥಿತಿ ಎಂಬ ಕ್ಷೇತ್ರಗಳನ್ನು ಸೇರಿಸಿದ್ದೇನೆ. ಈಗ ಸುಮಾರು 3,400 ಟಿಡ್ಲರ್‌ಗಳಿವೆ. ಕಡತದ ಗಾತ್ರ 14 ಎಂಬಿ.

ಈ ವಿಕಿಯನ್ನು ಬಳಸದವರಿಗಾಗಿ ಎರಡು ಮಾತು. ಜೆರೆಮಿ ರಸ್ಟನ್ ಅವರು 2004ರಲ್ಲಿ ಹೊರತಂದ ಟಿಡ್ಲಿವಿಕಿಯಲ್ಲಿ ತಂತ್ರಾಂಶ ಬೇರೆ, ಟಿಪ್ಪಣಿ ಬೇರೆ ಎಂಬುದಿಲ್ಲ. ಎರಡೂ ಒಂದೇ ಎಚ್‌ಟಿಎಂಎಲ್ ಕಡತದಲ್ಲಿರುತ್ತವೆ. ಆ ಕಡತವನ್ನು ಯಾವ ಬ್ರೌಸರಿನಲ್ಲಿ ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ತೊಡಕು ಇರುವುದು ಉಳಿಸುವುದರಲ್ಲಿ. ತಾನು ತೆರೆದ ಕಡತದ ಮೇಲೆ ತಾನೇ ಬರೆಯಲು ಬ್ರೌಸರ್ ಯಾವ ಪುಟಕ್ಕೂ ಸುಮ್ಮನೆ ಅನುಮತಿ ಕೊಡುವುದಿಲ್ಲ. ಫೈರ್‌ಫಾಕ್ಸಿಗೆ ಟಿಡ್ಲಿಫಾಕ್ಸ್ ಎಂಬ ಆಡ್-ಆನ್ ಇದ್ದಷ್ಟು ಕಾಲ ನನಗೆ ಈ ಚಿಂತೆ ಇರಲಿಲ್ಲ. 2017ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 57 ಹಳೆಯ ಬಗೆಯ ಆಡ್-ಆನ್‌ಗಳನ್ನೆಲ್ಲ ಕೈಬಿಟ್ಟ ಮೇಲೆ ಅದೂ ನಿಂತುಹೋಯಿತು. ಅಲ್ಲಿಂದ ಈಚೆಗೆ ಪ್ರತಿ ಸಲ ಉಳಿಸಿದಾಗಲೂ ಡೌನ್‌ಲೋಡ್ ಫೋಲ್ಡರಿನಲ್ಲಿ ಹೊಸ ಪ್ರತಿಯೊಂದು ಬೀಳುತ್ತದೆ, ಅದನ್ನು ನಾನು ಹಳೆಯದರ ಜಾಗಕ್ಕೆ ಸಾಗಿಸುತ್ತೇನೆ. ಒಮ್ಮೆ ಆವರಣದಲ್ಲಿ 6 ಎಂದಿದ್ದ ಪ್ರತಿಯನ್ನು ಬಿಟ್ಟು 5 ಎಂದಿದ್ದ ಪ್ರತಿಯಲ್ಲಿ ಇಡೀ ದಿನ ಬರೆದು, ಬಳ್ಳಿಗಾವೆಯ ಹನ್ನೊಂದು ಟಿಪ್ಪಣಿಗಳನ್ನು ಮತ್ತೆ ಕೈಯಿಂದ ಜೋಡಿಸಬೇಕಾಯಿತು.

ನನ್ನೊಂದಿಗೆ ಕ್ಷೇತ್ರಕಾರ್ಯಕ್ಕೆ ಬರುವ ಇಬ್ಬರು ಹಿರಿಯರಿಗೂ ಈ ಟಿಪ್ಪಣಿಕೋಶ ಬೇಕಾಗಿದೆ. ಒಬ್ಬರಿಗೆ ಎಪ್ಪತ್ತೆರಡು ವರ್ಷ. ಅವರಿಗೆ ಆಡ್-ಆನ್, ಡೌನ್‌ಲೋಡ್, ಪ್ರತಿ ಬದಲಿಸುವುದು ಇವನ್ನೆಲ್ಲ ಹೇಳಿಕೊಡುವ ಬದಲು, ಪರದೆಯ ಮೇಲೆ ಒಂದು ಚಿಹ್ನೆ ಇದ್ದು ಅದನ್ನು ಎರಡು ಸಲ ಒತ್ತಿದರೆ ತೆರೆದುಕೊಳ್ಳುವ, ಬರೆದದ್ದು ತಾನಾಗಿ ಉಳಿಯುವ ತಂತ್ರಾಂಶವನ್ನೇ ಕೊಡೋಣ ಎಂದುಕೊಂಡೆ. ಜಾಲಪುಟವನ್ನು ಡೆಸ್ಕ್‌ಟಾಪ್ ತಂತ್ರಾಂಶವಾಗಿ ಕಟ್ಟಿಕೊಡುವ ಎಲೆಕ್ಟ್ರಾನ್ ಕಲಿತು, ವಿಕಿಯ ಕಡತವನ್ನು ತಂತ್ರಾಂಶದ ಫೋಲ್ಡರಿನೊಳಗೇ ಇಟ್ಟು, ವಿಕಿ ಡೌನ್‌ಲೋಡ್ ಶುರುಮಾಡಿದಾಗ ಅದನ್ನು ಮಧ್ಯದಲ್ಲೇ ಹಿಡಿದು ಅದೇ ಕಡತದ ಮೇಲೆ ಬರೆಯುವಂತೆ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಕಮಾಂಡ್ ಕೊಟ್ಟು ನಡೆಸಿದಾಗ ಚೆನ್ನಾಗಿಯೇ ನಡೆಯಿತು. ಪ್ಯಾಕೇಜ್ ಮಾಡಿದ ಮೇಲೆ ಮಾತ್ರ ಏನು ಬರೆದರೂ ಉಳಿಯಲಿಲ್ಲ. ಆದರೂ ಉಳಿಸುವ ಗುಂಡಿಯ ಕೆಂಪು ಬಣ್ಣ ಮಾಯವಾಗುತ್ತಿತ್ತು. ತಂತ್ರಾಂಶದ ಕಡತಗಳನ್ನೆಲ್ಲ ಒಂದಾಗಿಸುವ ಆಸಾರ್ ಎಂಬ ಕಟ್ಟನ್ನು ಬಳಸದಂತೆ ಸೆಟ್ಟಿಂಗ್ ಬದಲಿಸಿದೆ. ಆಗ ಉಳಿಯತೊಡಗಿತು. ಸಂತೋಷದಿಂದ ಹಿರಿಯರಿಗೆ ಕೊಟ್ಟೆ. ಮೂರು ವಾರಗಳ ನಂತರ ಒಂದು ಸಣ್ಣ ದೋಷ ತಿದ್ದಿ ಹೊಸ ಆವೃತ್ತಿ ಕಳುಹಿಸಿದೆ. ಅವರು ಅದನ್ನು ಹಳೆಯದರ ಮೇಲೆಯೇ ಇನ್‌ಸ್ಟಾಲ್ ಮಾಡಿಕೊಂಡರು. ಆ ಮೂರು ವಾರಗಳಲ್ಲಿ ಅವರು ಬರೆದದ್ದೆಲ್ಲ ಹೋಯಿತು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ, ಆದರೆ ಅದರಲ್ಲಿ ಈಗ ಕೆರೆಯ ನೀರಿನಲ್ಲಿ ಮುಳುಗಿರುವ ಎರಡು ಕಲ್ಲುಗಳ ಓದೂ ಇತ್ತು.

ನನ್ನ ಪ್ರಶ್ನೆಗಳು ಇವು. ವಿಕಿಯ ಕಡತವನ್ನು ತಂತ್ರಾಂಶದ ಒಳಗೆ ಇಡುವುದೇ ತಪ್ಪೇ? ಎಲೆಕ್ಟ್ರಾನ್ ಬಿಟ್ಟು ಬೇರೆ ದಾರಿ ಹಿಡಿಯಬೇಕೇ? ಡೌನ್‌ಲೋಡ್ ಹಿಡಿಯುವುದಕ್ಕಿಂತ ನೇರವಾದ ಉಳಿಸುವ ಕ್ರಮ ಇದೆಯೇ?


ಉತ್ತರ: ಪಶ್ಚಿಮಘಟ್ಟ

ಶಾಸನಾಸಕ್ತರೇ, ಓದಿ ಬೇಸರವಾಯಿತು. ಮೊದಲು ಒಂದು ತುರ್ತಿನ ಮಾತು: ಆ ಹಿರಿಯರ ಕಂಪ್ಯೂಟರಿನಲ್ಲಿ ಹಳೆಯ ಬಗೆಯ ಹಾರ್ಡ್‌ಡಿಸ್ಕ್ ಇದ್ದರೆ, ಅದನ್ನು ಆದಷ್ಟು ಕಡಿಮೆ ಬಳಸುವಂತೆ ಹೇಳಿ, ಫೋಟೊರೆಕ್‌ನಂತಹ ಮರುಪಡೆಯುವ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ನಡೆಸಿ, ಅಳಿದುಹೋದ ಎಚ್‌ಟಿಎಂಎಲ್ ಕಡತಗಳನ್ನು ಹುಡುಕಿಸಿ. ಎಸ್‌ಎಸ್‌ಡಿ ಇದ್ದರೆ ಭರವಸೆ ತೀರ ಕಡಿಮೆ, ಆದರೂ ಒಮ್ಮೆ ನೋಡಿ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು, ತಪ್ಪು. ಉಳಿದ ತೊಂದರೆಗಳೆಲ್ಲ ಅದರಿಂದಲೇ ಹುಟ್ಟಿವೆ. ಟಿಡ್ಲಿವಿಕಿಯಲ್ಲಿ ತಂತ್ರಾಂಶವೂ ಟಿಪ್ಪಣಿಯೂ ಒಂದೇ ಕಡತದಲ್ಲಿ ಇರುವುದರಿಂದ, ಆ ಕಡತವೇ ತಂತ್ರಾಂಶ, ಅದನ್ನು ಪ್ಯಾಕೇಜಿನೊಳಗೆ ಇಡಬೇಕು ಎಂದು ನಿಮಗೆ ಅನ್ನಿಸಿದ್ದು ಸಹಜ. ಆದರೆ ಡೆಸ್ಕ್‌ಟಾಪಿಗೆ ಬಂದ ಮೇಲೆ ಆ ಇಡೀ ಕಡತವನ್ನು ಒಂದು ದಾಖಲೆ ಎಂದು ನೋಡಬೇಕು. ನೀವು ಕಟ್ಟುವ ತಂತ್ರಾಂಶ ಆ ದಾಖಲೆಯನ್ನು ತೆರೆಯುವ, ಉಳಿಸುವ ಚೌಕಟ್ಟು ಮಾತ್ರ. ಬರವಣಿಗೆಯ ತಂತ್ರಾಂಶವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ನೀವು ಬರೆದ ಪತ್ರಗಳು ಅಳಿಯುವುದಿಲ್ಲವಲ್ಲ, ಅದೇ ಸಂಬಂಧ ಇಲ್ಲಿಯೂ ಇರಬೇಕು.

ಪ್ಯಾಕೇಜಿನೊಳಗೆ ಬರೆಯಲು ಯಾವ ವ್ಯವಸ್ಥೆಯೂ ಸಮ್ಮತಿಸುವುದಿಲ್ಲ. ಎಲೆಕ್ಟ್ರಾನಿನ ಆಸಾರ್ ಕಟ್ಟು ಓದಲು ಮಾತ್ರ ಇರುವುದು. ಹೊರಗಿನಿಂದ ಫೋಲ್ಡರಿನಂತೆ ಕಂಡರೂ ಅದು ನಿಜವಾಗಿ ಒಂದೇ ಕಡತ. ವಿಂಡೋಸಿನಲ್ಲಿ ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ಸಾಮಾನ್ಯ ಬಳಕೆದಾರರು ಬರೆಯುವಂತಿಲ್ಲ. ಮ್ಯಾಕ್‌ನಲ್ಲಿ ಆಪ್ ಕಟ್ಟಿನೊಳಗಿನ ಒಂದು ಕಡತ ಬದಲಾದರೂ ಅದರ ಡಿಜಿಟಲ್ ಸಹಿ ಮುರಿಯುತ್ತದೆ. ಲಿನಕ್ಸಿನ ಆಪ್‌ಇಮೇಜ್ ನಡೆಯುವಾಗ ಓದಲು ಮಾತ್ರ ಬರುವಂತೆ ಮೌಂಟ್ ಆಗುತ್ತದೆ. ನೀವು ಆಸಾರ್ ತೆಗೆದು ಒಂದು ಕಡೆ ದಾರಿ ಮಾಡಿಕೊಂಡಿರಿ, ಆದರೆ ಹೊಸ ಆವೃತ್ತಿ ಹಾಕುವಾಗ ಇನ್‌ಸ್ಟಾಲರ್ ಹಳೆಯ ಫೋಲ್ಡರನ್ನು ತೆಗೆದುಹಾಕಿಯೇ ಹೊಸದನ್ನು ಇಡುತ್ತದೆ. ಹಿರಿಯರ ಟಿಪ್ಪಣಿಗಳು ಹೋದದ್ದು ಹಾಗೆ.

ಹಾಗಾದರೆ ಎಲ್ಲಿಡಬೇಕು? ಎಲೆಕ್ಟ್ರಾನ್ ಪ್ರತಿ ತಂತ್ರಾಂಶಕ್ಕೂ ಯೂಸರ್ ಡೇಟಾ ಎಂಬ ಫೋಲ್ಡರನ್ನು ಕೊಡುತ್ತದೆ. ಅಲ್ಲಿಯೂ ಬೇಡ ಎನ್ನುತ್ತೇನೆ. ವಿಂಡೋಸಿನಲ್ಲಿ ಅದು ಕಣ್ಣಿಗೆ ಬೀಳದ ಆಪ್‌ಡೇಟಾದೊಳಗೆ ಇರುತ್ತದೆ. ಎಪ್ಪತ್ತೆರಡು ವರ್ಷದವರು ತಮ್ಮ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕಾದಾಗ ಅದು ಸಿಗುವುದಿಲ್ಲ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಎದ್ದು ಕಾಣುವ ಹೆಸರಿನಲ್ಲಿ ಇಡಿ. ಪ್ಯಾಕೇಜಿನೊಳಗೆ ಒಂದು ಖಾಲಿ ವಿಕಿ ಇರಲಿ. ತಂತ್ರಾಂಶ ಮೊದಲ ಸಲ ತೆರೆದಾಗ ಡಾಕ್ಯುಮೆಂಟ್ಸ್‌ನಲ್ಲಿ ಕಡತ ಇಲ್ಲದಿದ್ದರೆ ಮಾತ್ರ ಆ ಖಾಲಿ ಪ್ರತಿಯನ್ನು ಅಲ್ಲಿಗೆ ನಕಲು ಮಾಡಲಿ. "ಇಲ್ಲದಿದ್ದರೆ ಮಾತ್ರ" ಎಂಬ ಈ ಪರೀಕ್ಷೆಯನ್ನು ಎಚ್ಚರದಿಂದ ಬರೆಯಿರಿ. ಯೂಸರ್ ಡೇಟಾದಲ್ಲಿ ಕಿಟಕಿಯ ಅಳತೆ, ಕೊನೆಯಲ್ಲಿ ತೆರೆದ ಕಡತದ ವಿಳಾಸ ಇಂಥವು ಇದ್ದರೆ ಸಾಕು.

ಈಗ ಉಳಿಸುವ ಕ್ರಮಕ್ಕೆ ಬರೋಣ. ಗುಂಡಿಯ ಕೆಂಪು ಮಾಯವಾದರೂ ಕಡತ ಉಳಿಯದಿರುವುದಕ್ಕೆ ಕಾರಣವಿದೆ. ಡೌನ್‌ಲೋಡ್ ಮೂಲಕ ಉಳಿಸುವಾಗ ವಿಕಿ ಕೊಂಡಿಯನ್ನು ತಾನೇ ಒತ್ತಿ, ಮರುಕ್ಷಣವೇ "ಉಳಿಯಿತು" ಎಂದು ಗುರುತು ಮಾಡಿಕೊಳ್ಳುತ್ತದೆ. ಡಿಸ್ಕಿನಲ್ಲಿ ಏನಾಯಿತು ಎಂಬುದನ್ನು ತಿಳಿಯಲು ಅದಕ್ಕೆ ದಾರಿಯೇ ಇಲ್ಲ. ಆದ್ದರಿಂದ ಆ ಕ್ರಮವನ್ನು ಬಿಟ್ಟುಬಿಡಿ.

ಟಿಡ್ಲಿವಿಕಿ 5ರ ಒಳಗೆ ಉಳಿಸುವ ಬಗೆಗಳೆಲ್ಲ ಸೇವರ್ ಎಂಬ ಮಾಡ್ಯೂಲ್‌ಗಳಾಗಿವೆ. ನೀವು ನೆನಪಿಸಿಕೊಂಡ ಟಿಡ್ಲಿಫಾಕ್ಸ್ ಆಡ್-ಆನ್ ಹೋದರೂ ಅದರೊಂದಿಗೆ ಮಾತನಾಡುತ್ತಿದ್ದ ಸೇವರ್ ಇನ್ನೂ ಒಳಗೆ ಹಾಗೆಯೇ ಇದೆ, ಮತ್ತು ನಿಮ್ಮ ಕೆಲಸಕ್ಕೆ ಅದೇ ಹೇಳಿ ಮಾಡಿಸಿದಂತಿದೆ. ಅದು ಮಾಡುವುದು ಇಷ್ಟು: ಪುಟದಲ್ಲಿ ಟಿಡ್ಲಿಫಾಕ್ಸ್-ಮೆಸೇಜ್-ಬಾಕ್ಸ್ ಎಂಬ ಐಡಿಯ ಡಿವ್ (ಪುಟದೊಳಗಿನ ಒಂದು ಪೆಟ್ಟಿಗೆ) ಇದೆಯೇ ಎಂದು ನೋಡುತ್ತದೆ. ಇದ್ದರೆ ಅದರೊಳಗೆ ಇನ್ನೊಂದು ಡಿವ್ ಸೇರಿಸಿ, ಕಡತದ ವಿಳಾಸವನ್ನೂ ಪೂರ್ಣ ಪಠ್ಯವನ್ನೂ ಅದರ ಆಟ್ರಿಬ್ಯೂಟ್‌ಗಳಲ್ಲಿ ತುಂಬಿ, ಟಿಡ್ಲಿಫಾಕ್ಸ್-ಸೇವ್-ಫೈಲ್ ಎಂಬ ಈವೆಂಟನ್ನು ಕಳುಹಿಸುತ್ತದೆ. ಬರೆದು ಮುಗಿದ ಮೇಲೆ ನೀವು ಟಿಡ್ಲಿಫಾಕ್ಸ್-ಹ್ಯಾವ್-ಸೇವ್ಡ್-ಫೈಲ್ ಎಂಬ ಈವೆಂಟನ್ನು ಹಿಂದಿರುಗಿಸಿದರೆ ಮಾತ್ರ ಉಳಿಯಿತೆಂದು ಒಪ್ಪಿಕೊಳ್ಳುತ್ತದೆ. ಹೆಸರುಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಡ್ಡಗೆರೆ ಹಾಕಿ ಬರೆಯಬೇಕು. ಎಲೆಕ್ಟ್ರಾನಿನಲ್ಲಿ ಪುಟಕ್ಕಿಂತ ಮೊದಲೇ ಓಡುವ ಪ್ರಿಲೋಡ್ ಕಡತದಲ್ಲಿ ಈ ಡಿವ್ ಸೃಷ್ಟಿಸಿ, ಈವೆಂಟ್ ಬಂದಾಗ ಪಠ್ಯವನ್ನು ಐಪಿಸಿ (ಪ್ರಕ್ರಿಯೆಗಳ ನಡುವಿನ ಸಂದೇಶ ವ್ಯವಸ್ಥೆ) ಮೂಲಕ, ಡಿಸ್ಕಿಗೆ ಬರೆಯಬಲ್ಲ ಮುಖ್ಯ ಪ್ರಕ್ರಿಯೆಗೆ ಒಪ್ಪಿಸಿ. ಎಲೆಕ್ಟ್ರಾನ್ 12ರಿಂದ ಪ್ರಿಲೋಡ್ ಮತ್ತು ಪುಟದ ಜಾವಾಸ್ಕ್ರಿಪ್ಟ್ ಪ್ರಪಂಚಗಳು ಡೀಫಾಲ್ಟ್ ಆಗಿಯೇ ಬೇರೆ ಬೇರೆ. ಆದರೆ ಪುಟದ ಒಳರಚನೆಯಾದ ಡಿಓಎಂ ಎರಡಕ್ಕೂ ಸಾಮಾನ್ಯ, ಹೀಗಾಗಿ ಈವೆಂಟ್ ದಾಟಿ ಬರುತ್ತದೆ. ವಿಕಿಯೊಳಗೆ ಒಂದು ಸಾಲನ್ನೂ ಬದಲಿಸಬೇಕಾಗಿಲ್ಲ, ಯಾವ ರಕ್ಷಣೆಯನ್ನೂ ಸಡಿಲಿಸಬೇಕಾಗಿಲ್ಲ. ಈ ಸೇವರ್ ತಾನಾಗಿ ಉಳಿಸುವುದನ್ನೂ ಬೆಂಬಲಿಸುತ್ತದೆ. ಟಿಡ್ಲರಿನ ಸರಿಚಿಹ್ನೆ ಒತ್ತಿದೊಡನೆ ಕಡತ ಉಳಿಯುತ್ತದೆ.

ಪುಟ ಕಳುಹಿಸುವ ವಿಳಾಸವನ್ನು ನಂಬಬೇಡಿ. ಯಾವ ಕಿಟಕಿಯಲ್ಲಿ ಯಾವ ಕಡತ ತೆರೆದಿದೆ ಎಂಬುದನ್ನು ಮುಖ್ಯ ಪ್ರಕ್ರಿಯೆಯೇ ನೆನಪಿಟ್ಟುಕೊಂಡು ಅದಕ್ಕೆ ಮಾತ್ರ ಬರೆಯಲಿ. ಯಾರೋ ಕೊಟ್ಟ ಟಿಡ್ಲರನ್ನು ಎಳೆದು ಹಾಕಿಕೊಂಡಾಗ ಅದರಲ್ಲಿ ಜಾವಾಸ್ಕ್ರಿಪ್ಟ್ ಮಾಡ್ಯೂಲ್ ಇರಬಹುದು. ಅದು ಈ ಮಾರ್ಗ ಹಿಡಿದು ಬೇರೆ ಕಡತದ ಮೇಲೆ ಬರೆಯುವಂತಾಗಬಾರದು.

ಬರೆಯುವಾಗ ಮೂಲ ಕಡತದ ಮೇಲೆ ನೇರವಾಗಿ ಬರೆಯದೆ, ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು, ಡಿಸ್ಕಿಗೆ ಇಳಿಸಿ, ನಂತರ ಹೆಸರು ಬದಲಿಸಿ. ನಮ್ಮೂರುಗಳಲ್ಲಿ ಮಳೆಗಾಲದ ಕರೆಂಟನ್ನು ನೆಚ್ಚುವಂತಿಲ್ಲ. 14 ಎಂಬಿ ಬರೆಯುವ ನಡುವೆ ವಿದ್ಯುತ್ ಹೋದರೆ ನೇರ ಬರವಣಿಗೆಯಲ್ಲಿ ಅರ್ಧ ಕಡತ ಉಳಿಯುತ್ತದೆ. ಹೆಸರು ಬದಲಿಸುವ ಕ್ರಮದಲ್ಲಿ ಹಳೆಯದಾದರೂ ಪೂರ್ತಿ ಇರುತ್ತದೆ. ಹಳೆಯ ಪ್ರತಿಗಳನ್ನು ಪಕ್ಕದ ಫೋಲ್ಡರಿನಲ್ಲಿ ದಿನಾಂಕದೊಂದಿಗೆ ಇಡಿ. ಆದರೆ ತಾನಾಗಿ ಉಳಿಸುವುದು ಚಾಲ್ತಿಯಲ್ಲಿದ್ದರೆ ನೂರು ಸಲ ಉಳಿಸುವಷ್ಟರಲ್ಲಿ 1.4 ಜಿಬಿ ತುಂಬುತ್ತದೆ. ಕೊನೆಯ ಇಪ್ಪತ್ತು ಪ್ರತಿಗಳನ್ನೂ ಅದಕ್ಕೂ ಹಿಂದಿನವುಗಳಲ್ಲಿ ದಿನಕ್ಕೊಂದನ್ನೂ ಇಟ್ಟುಕೊಂಡರೆ ಸಾಕು.

ಕಿಟಕಿ ಮುಚ್ಚುವ ವಿಷಯವೂ ಇದೆ. ಉಳಿಸದ ಬದಲಾವಣೆ ಇದ್ದಾಗ ವಿಕಿ ಬ್ರೌಸರಿಗೆ ತಡೆ ಹಾಕುತ್ತದೆ, ಬ್ರೌಸರ್ "ಬಿಟ್ಟು ಹೋಗುವಿರಾ" ಎಂದು ಕೇಳುತ್ತದೆ. ಎಲೆಕ್ಟ್ರಾನ್ ಕೇಳುವುದಿಲ್ಲ, ಸದ್ದಿಲ್ಲದೆ ಮುಚ್ಚುವುದನ್ನೇ ರದ್ದುಮಾಡುತ್ತದೆ. ಮೂಲೆಯ ಗುಣಿಸು ಚಿಹ್ನೆ ಒತ್ತಿದರೂ ಏನೂ ಆಗದೆ, ತಂತ್ರಾಂಶ ಕೆಟ್ಟಿದೆ ಎಂದು ಹಿರಿಯರು ಕಂಪ್ಯೂಟರನ್ನೇ ಆರಿಸಬಹುದು. ವಿಲ್-ಪ್ರಿವೆಂಟ್-ಅನ್‌ಲೋಡ್ ಎಂಬ ಈವೆಂಟನ್ನು ಹಿಡಿದು, ಕನ್ನಡದಲ್ಲಿಯೇ ಒಂದು ಪ್ರಶ್ನೆ ಕೇಳಿಸಿ. ತಂತ್ರಾಂಶದ ಒಂದೇ ಪ್ರತಿ ನಡೆಯುವಂತೆ ಬೀಗ ಹಾಕುವುದನ್ನೂ ಮರೆಯಬೇಡಿ. ಎರಡು ಕಿಟಕಿಗಳಲ್ಲಿ ಒಂದೇ ಕಡತ ತೆರೆದರೆ, 5 ಮತ್ತು 6ರ ನಿಮ್ಮ ಹಳೆಯ ಕಥೆ ಮತ್ತೆ ನಡೆಯುತ್ತದೆ.


ಉತ್ತರ: ಕಡಲತಡಿ

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಶಾಸನಾಸಕ್ತರು ಇದನ್ನೆಲ್ಲ ಸ್ವತಃ ಕಟ್ಟಲೇಬೇಕೇ ಎಂದು ಕೇಳಬೇಕೆನಿಸುತ್ತದೆ. ರಸ್ಟನ್ ಅವರೇ ಆರಂಭಿಸಿದ ಟಿಡ್ಲಿಡೆಸ್ಕ್‌ಟಾಪ್ ಎಂಬ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ವಿಕಿಯ ಕಡತ ನಿಮ್ಮ ಫೋಲ್ಡರಿನಲ್ಲಿಯೇ ಇರುತ್ತದೆ. ಟಿಡ್ಲಿಡೆಸ್ಕ್‌ಟಾಪ್ ತನ್ನ ಪಟ್ಟಿಯಲ್ಲಿ ಅದರ ವಿಳಾಸವನ್ನಷ್ಟೇ ಇಟ್ಟುಕೊಂಡು, ಕೇಳಿದಾಗ ಪ್ರತ್ಯೇಕ ಕಿಟಕಿಯಲ್ಲಿ ತೆರೆದು, ಉಳಿಸಿದಾಗ ಹಳೆಯ ಪ್ರತಿಯನ್ನೂ ಕಾಪಾಡುತ್ತದೆ. ಒಳಗೆ ಅದು ಬಳಸುವುದೂ ಪಶ್ಚಿಮಘಟ್ಟ ಅವರು ವಿವರಿಸಿದ ಅದೇ ಟಿಡ್ಲಿಫಾಕ್ಸ್ ಸಂದೇಶ ಪೆಟ್ಟಿಗೆಯನ್ನೇ.

ಅದನ್ನು ಕಟ್ಟಿರುವುದು ಎಲೆಕ್ಟ್ರಾನಿನಂತಹದೇ ಇನ್ನೊಂದು ಚೌಕಟ್ಟಾದ ಎನ್‌ಡಬ್ಲ್ಯೂ.ಜೆಎಸ್ ಮೇಲೆ, ಹಿಂದೆ ಇದರ ಹೆಸರು ನೋಡ್-ವೆಬ್‌ಕಿಟ್ ಎಂದಿತ್ತು. ಇದರಲ್ಲಿ ಪ್ಯಾಕೇಜ್.ಜೇಸನ್ ಕಡತದ ಮೇನ್ ಎಂಬ ಸ್ಥಾನದಲ್ಲಿ ಎಚ್‌ಟಿಎಂಎಲ್ ಕಡತದ ಹೆಸರನ್ನೇ ಬರೆದರೆ ಕಿಟಕಿ ತೆರೆದುಕೊಳ್ಳುತ್ತದೆ. ಆ ಸರಳತೆಯೇ ಅದರ ಅಪಾಯವೂ ಹೌದು: ಹಾಗೆ ತೆರೆದ ಪುಟಕ್ಕೆ, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ನೋಡ್‌ನ ಪೂರ್ಣ ಅಧಿಕಾರ, ಅಂದರೆ ಇಡೀ ಡಿಸ್ಕನ್ನು ಓದುವ ಬರೆಯುವ ಅಧಿಕಾರ ಸಿಗುತ್ತದೆ. ಟಿಡ್ಲಿಡೆಸ್ಕ್‌ಟಾಪ್ ವಿಕಿಯ ಕಡತವನ್ನು ಆ ಅಧಿಕಾರವಿಲ್ಲದ ಐಫ್ರೇಮಿನೊಳಗೆ (ಪುಟದೊಳಗಿನ ಪುಟದಲ್ಲಿ) ಕೂರಿಸಿ ಇದನ್ನು ನಿವಾರಿಸಿದೆ. ನೀವೇ ಎನ್‌ಡಬ್ಲ್ಯೂ.ಜೆಎಸ್‌ನಲ್ಲಿ ಕಟ್ಟಿದರೆ ಎನ್‌ಡಬ್ಲ್ಯೂಡಿಸೇಬಲ್ ಎಂಬ ಆಟ್ರಿಬ್ಯೂಟನ್ನು ಹಾಕಲೇಬೇಕು.

ಟಿಡ್‌ಗಿ ಎಂಬ ಇನ್ನೊಂದು ತಂತ್ರಾಂಶ ಎಲೆಕ್ಟ್ರಾನಿನದು. ಟಿಪ್ಪಣಿಗಳನ್ನು ಗಿಟ್ (ಪ್ರತಿ ಬದಲಾವಣೆಯನ್ನೂ ದಾಖಲಿಸುವ ವ್ಯವಸ್ಥೆ) ಮೂಲಕ ಕಾಪಾಡುತ್ತದೆ. ನಿಮಗೆ ಹಿಡಿಸಬಹುದು, ಹಿರಿಯರಿಗೆ ಅದರ ಸೆಟ್ಟಿಂಗ್‌ಗಳು ಹೆಚ್ಚಾದಾವು.

ಟಾರಿ ಎಂಬ ಮತ್ತೊಂದು ಚೌಕಟ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಎಲೆಕ್ಟ್ರಾನ್ ಪ್ರತಿ ತಂತ್ರಾಂಶದೊಂದಿಗೆ ಕ್ರೋಮಿಯಂ ಬ್ರೌಸರನ್ನೂ ನೋಡ್ ಅನ್ನೂ ಇಡಿಯಾಗಿ ಹೊತ್ತು ತರುವುದರಿಂದ 14 ಎಂಬಿ ವಿಕಿಗೆ ನೂರು ಎಂಬಿ ಆಸುಪಾಸಿನ ಇನ್‌ಸ್ಟಾಲರ್ ಆಗುತ್ತದೆ. ರಸ್ಟ್ ಭಾಷೆಯ ಟಾರಿ ಆಯಾ ವ್ಯವಸ್ಥೆಯಲ್ಲಿ ಮೊದಲೇ ಇರುವ, ಪುಟ ತೋರಿಸುವ ವೆಬ್‌ವ್ಯೂ ಬಳಸಿಕೊಂಡು ಹತ್ತು ಎಂಬಿಯ ಒಳಗೇ ಕೆಲಸ ಮುಗಿಸಬಲ್ಲದು. ಆದರೆ ವಿಂಡೋಸಿನಲ್ಲಿ ವೆಬ್‌ವ್ಯೂ2, ಮ್ಯಾಕ್‌ನಲ್ಲಿ ಆಪಲ್‌ನ ವೆಬ್‌ಕಿಟ್, ಲಿನಕ್ಸಿನಲ್ಲಿ ವೆಬ್‌ಕಿಟ್‌ಜಿಟಿಕೆ ಎಂದು ಮೂರು ಕಡೆ ಮೂರು ಎಂಜಿನ್‌ಗಳ ಎದುರು ನಿಮ್ಮ ವಿಕಿ ನಿಲ್ಲಬೇಕು. ಉಳಿಸುವ ಸೇತುವೆಯನ್ನು ರಸ್ಟ್‌ನಲ್ಲಿ ಬರೆಯಬೇಕು. ಮೂವರು ಬಳಸುವ ತಂತ್ರಾಂಶಕ್ಕೆ, ತೊಂಬತ್ತು ಎಂಬಿ ಉಳಿಸುವುದಕ್ಕಾಗಿ, ಮೂರು ಎಂಜಿನ್‌ಗಳಲ್ಲಿ ಪರೀಕ್ಷೆ ನಡೆಸುವುದು ನನ್ನ ದೃಷ್ಟಿಯಲ್ಲಿ ಲಾಭದ ವ್ಯವಹಾರವಲ್ಲ.

ಬ್ರೌಸರಿನಲ್ಲಿಯೇ ಉಳಿಯುವ ದಾರಿಯೂ ಇಲ್ಲದಿಲ್ಲ. 2020ರ ಕ್ರೋಮ್ 86ರಿಂದ, ಬಳಕೆದಾರರು ತಾವೇ ಆರಿಸಿದ ಕಡತಕ್ಕೆ ಪುಟ ಬರೆಯಬಲ್ಲದು. ಆದರೆ ಅನುಮತಿಯ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ, ಫೈರ್‌ಫಾಕ್ಸಿನಲ್ಲಿ ಈ ಸೌಲಭ್ಯ ಇಲ್ಲ. ಹಿರಿಯರಿಗೆ ಅದು ಬೇಡ.


ಮರುಪ್ರಶ್ನೆ: ಶಾಸನಾಸಕ್ತ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಟಿಡ್ಲಿಡೆಸ್ಕ್‌ಟಾಪ್ ಹಾಕಿ ನೋಡಿದೆ. ನನ್ನ ಸ್ವಂತ ಬಳಕೆಗೆ ಇನ್ನು ಅದೇ ಇರಲಿ ಎಂದು ತೀರ್ಮಾನಿಸಿದ್ದೇನೆ. ಹಿರಿಯರಿಗೆ ಮಾತ್ರ ವಿಕಿಗಳ ಪಟ್ಟಿಯೂ ಬೇಡ, ಇಂಗ್ಲಿಷ್ ಮೆನುವೂ ಬೇಡ, ತೆರೆದೊಡನೆ ಶಾಸನಗಳೇ ಕಾಣಬೇಕು. ಹಾಗಾಗಿ ಎಲೆಕ್ಟ್ರಾನ್ ಚೌಕಟ್ಟನ್ನು ಹೊಸದಾಗಿ ಬರೆದೆ. ಸಂದೇಶ ಪೆಟ್ಟಿಗೆಯ ಕ್ರಮ ಮೊದಲ ಪ್ರಯತ್ನದಲ್ಲಿಯೇ ಕೆಲಸ ಮಾಡಿತು. ಅದಕ್ಕೆ ಬೇಕಾದದ್ದು ಮೂವತ್ತು ಸಾಲೂ ಇಲ್ಲ.

ಒಂದು ವಿಚಿತ್ರ ಎದುರಾಯಿತು. ಕಡತಕ್ಕೆ "ಶಾಸನಕೋಶ" ಎಂದು ಹೆಸರಿಟ್ಟಿದ್ದೆ. ಉಳಿಸಿದಾಗ ಅದು ಬದಲಾಗದೆ, ಅದರ ಪಕ್ಕದಲ್ಲಿ ಶೇಕಡಾ ಚಿಹ್ನೆಗಳಿಂದ ತುಂಬಿದ ಉದ್ದನೆಯ ಹೆಸರಿನ ಇನ್ನೊಂದು ಕಡತ ಹುಟ್ಟಿತು. ಪುಟದ ವಿಳಾಸವನ್ನು ನಂಬಬೇಡಿ ಎಂದು ನೀವು ಹೇಳಿದ್ದರೂ, ಮುಖ್ಯ ಪ್ರಕ್ರಿಯೆಯಲ್ಲಿ ಕಿಟಕಿಯ ಯುಆರ್‌ಎಲ್‌ನಿಂದ ಕಡತದ ಹೆಸರನ್ನು ಕತ್ತರಿಸಿ ತೆಗೆದುಕೊಂಡಿದ್ದೆ. ಕಾರಣ ಅದೇ ಇರಬಹುದೇ?

ಕನ್ನಡಕ್ಕೇ ಸಂಬಂಧಿಸಿದ ಇನ್ನೆರಡು ಪ್ರಶ್ನೆಗಳಿವೆ. ಹಳೆಯ ಮ್ಯಾಕ್ ಬಳಸುವ ಹಿರಿಯರು ತಮ್ಮ ಎಕ್ಸ್‌ಟರ್ನಲ್ ಡಿಸ್ಕಿನಿಂದ "ಕೋಟಿಪುರ" ಎಂಬ ಹೆಸರಿನ ಚಿತ್ರವನ್ನು ವಿಕಿಗೆ ಎಳೆದು ಹಾಕಿದರು. ಚಿತ್ರ ಬಂದಿದೆ, ಪಟ್ಟಿಯಲ್ಲಿ ಕಾಣುತ್ತದೆ. ಆದರೆ ಅದೇ ಹೆಸರನ್ನು ಟೈಪ್ ಮಾಡಿ ಕೊಂಡಿ ಕೊಟ್ಟರೆ ಅಂಥ ಟಿಡ್ಲರ್ ಇಲ್ಲ ಎನ್ನುತ್ತದೆ. ಹಾಗೆಯೇ, ಎಪಿಗ್ರಾಫಿಯ ಕರ್ನಾಟಿಕವನ್ನು ಸಂಪಾದಿಸಿದ ಬಿ. ಎಲ್. ರೈಸ್ ಅವರ ಹೆಸರನ್ನು "ರೈಸ್‌ನ" ಎಂದು ಹುಡುಕಿದರೆ ನಾನೇ ಬರೆದ ಕೆಲವು ಟಿಪ್ಪಣಿಗಳು ಸಿಗುತ್ತವೆ, ಕೆಲವು ಸಿಗುವುದಿಲ್ಲ.


ಉತ್ತರ: ಅಕ್ಷರಗಣಕ

ಮೂರಕ್ಕೂ ಮೂಲ ಯೂನಿಕೋಡ್‌ನಲ್ಲಿದೆ, ಆದರೆ ಮೂರೂ ಬೇರೆ ಬೇರೆ ಪದರದ ತೊಂದರೆಗಳು.

ಮೊದಲನೆಯದರಲ್ಲಿ ನಿಮ್ಮ ಊಹೆ ಸರಿ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು, ಯುಆರ್‌ಎಲ್‌ನಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರಗಳಾಗುತ್ತದೆ. ಹೀಗೆ "ಶ" ಒಂದೇ ಒಂಬತ್ತು ಅಕ್ಷರಗಳಾಗುತ್ತದೆ, ಕಾಗುಣಿತದ ಚಿಹ್ನೆಗಳೂ ಸೇರಿ ಏಳು ಸಂಕೇತಗಳಿರುವ "ಶಾಸನಕೋಶ" ಅರವತ್ತಮೂರು ಅಕ್ಷರಗಳಾಗುತ್ತದೆ. ಯುಆರ್‌ಎಲ್ ಕತ್ತರಿಸದೆ, ಕಡತ ತೆರೆಯುವಾಗ ನಿಮ್ಮ ಬಳಿ ಇದ್ದ ವಿಳಾಸವನ್ನೇ ಇಟ್ಟುಕೊಳ್ಳಿ. ಅನಿವಾರ್ಯವಾದರೆ ನೋಡ್‌ನ ಯುಆರ್‌ಎಲ್ ಮಾಡ್ಯೂಲಿನಲ್ಲಿರುವ ಫೈಲ್‌ಯುಆರ್‌ಎಲ್‌ಟುಪಾತ್ ಎಂಬ ಫಂಕ್ಷನ್ ಬಳಸಿ.

ಎರಡನೆಯದು ನಾರ್ಮಲೈಸೇಶನ್ನಿನ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದಾಗಿಸುವ ವಿಷಯ. ನಾವು ಕೀಲಿಮಣೆಯಲ್ಲಿ "ಕೋ" ಎಂದು ಒತ್ತಿದಾಗ ಓತ್ವದ ದೀರ್ಘಕ್ಕೆ ಸಾಮಾನ್ಯವಾಗಿ ಒಂದೇ ಸಂಕೇತ, ಯು+0ಸಿಸಿಬಿ, ಬರುತ್ತದೆ. ಎಚ್‌ಎಫ್‌ಎಸ್ ಪ್ಲಸ್ ಎಂಬ ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿ ಇಡುತ್ತದೆ: ಎತ್ವದ ಚಿಹ್ನೆ, ಊತ್ವದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ಸಂಕೇತಗಳು. ಕಣ್ಣಿಗೆ ಎರಡೂ ಒಂದೇ "ಕೋ". ಟಿಡ್ಲರಿನ ಶೀರ್ಷಿಕೆಯನ್ನು ವಿಕಿ ಹೋಲಿಸುವಾಗ ಅವು ಬೇರೆ ಬೇರೆ. ಎಳೆದು ಹಾಕಿದ ಚಿತ್ರದ ಹೆಸರೇ ಶೀರ್ಷಿಕೆಯಾಗುವುದರಿಂದ ಬಿಡಿಸಿದ ರೂಪ ಒಳಗೆ ಬಂದಿದೆ. ಹಾಗೆ ಬಂದ ಶೀರ್ಷಿಕೆಗಳನ್ನು ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ವಿಧಾನದಿಂದ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತನ್ನಿ. ಇದನ್ನು ಒಮ್ಮೆ ಇಡೀ ವಿಕಿಗೆ ಮಾಡಬೇಕು. ಮಾಡುವ ಮುನ್ನ ಒಂದು ಪ್ರತಿ ಬೇರೆ ಕಡೆ ಇಟ್ಟಿರಿ. ದೀರ್ಘ "ಈ" ಸ್ವರದ ಚಿಹ್ನೆ, ಏತ್ವ, ಐತ್ವ, ಓತ್ವಗಳೆಲ್ಲ ಹೀಗೆ ಬಿಡಿಸಿ ಬರಬಲ್ಲವು. ಆದ್ದರಿಂದ ಕೋಟಿಪುರ ಸರಿಯಾಯಿತೆಂದು ಅಲ್ಲಿಗೇ ನಿಲ್ಲಿಸಬೇಡಿ.

ಮೂರನೆಯದನ್ನು ಎನ್‌ಎಫ್‌ಸಿ ಪರಿಹರಿಸುವುದಿಲ್ಲ. "ರೈಸ್‌ನ" ಎಂಬುದರಲ್ಲಿ ಸ್ ಮತ್ತು ನ ನಡುವೆ ಕಾಣದ ಒಂದು ಸಂಕೇತ ಇದೆ. ಶೂನ್ಯ ಅಗಲದ ಬೇರ್ಪಡಿಕೆ ಚಿಹ್ನೆಯಾದ ಅದು ಇಲ್ಲದಿದ್ದರೆ "ರೈಸ್ನ" ಎಂದು ಒತ್ತಕ್ಷರವಾಗುತ್ತದೆ. ಕೆಲವು ಕೀಲಿಮಣೆಗಳಲ್ಲಿ ಅದನ್ನು ಹಾಕುವುದು ಸುಲಭ, ಕೆಲವದರಲ್ಲಿ ಕಷ್ಟ. ಹೀಗೆ ಎರಡೂ ಬಗೆ ನಿಮ್ಮ ಟಿಪ್ಪಣಿಗಳಲ್ಲಿ ಬೆರೆತಿವೆ. ಬರಹದಿಂದ ಆ ಚಿಹ್ನೆಯನ್ನು ತೆಗೆಯಬೇಡಿ, ಓದಲು ಅದು ಬೇಕೇ ಬೇಕು. ಬದಲಿಗೆ ಹುಡುಕುವಾಗ ಎರಡೂ ಕಡೆ ಅದನ್ನು ಲೆಕ್ಕಿಸದಂತೆ ಮಾಡಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್ (ಮಾದರಿ ಕೊಟ್ಟು ಹುಡುಕುವ) ಹುಡುಕಾಟದಲ್ಲಿ ಅರ್ಧಾಕ್ಷರದ ನಂತರ "ಇದ್ದರೂ ಇರಬಹುದು" ಎಂದು ಸೇರಿಸುವ ಚಿಕ್ಕ ಫಿಲ್ಟರ್ ಸಾಕಾಗುತ್ತದೆ.

ಇನ್ನೊಂದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನೀವು ಒಂದೇ ಕಡತವನ್ನು ಬಿಟ್ಟು ನೋಡ್‌ನ ವಿಕಿ ಫೋಲ್ಡರಿಗೆ ಹೋದರೆ, ಪ್ರತಿ ಟಿಡ್ಲರ್ ತನ್ನ ಶೀರ್ಷಿಕೆಯನ್ನು ಆಧರಿಸಿದ ಹೆಸರಿನ ಪ್ರತ್ಯೇಕ ಕಡತವಾಗುತ್ತದೆ. ಲಿನಕ್ಸಿನ ಎಕ್ಸ್ಟ್4ರಲ್ಲಿ ಕಡತದ ಹೆಸರಿಗೆ 255 ಬೈಟ್‌ಗಳ ಮಿತಿ; ಅಂದರೆ ಕನ್ನಡದಲ್ಲಿ 85 ಸಂಕೇತಗಳು. ಊರು, ದೇವಾಲಯ, ಅರಸ, ವರ್ಷ ಎಲ್ಲವನ್ನೂ ಶೀರ್ಷಿಕೆಯಲ್ಲಿಯೇ ಬರೆಯುವ ರೂಢಿ ನಿಮಗಿದ್ದರೆ ಅದನ್ನು ಬೇಗನೆ ದಾಟುತ್ತೀರಿ. ಫೈಲ್‌ಸಿಸ್ಟಂಪಾತ್ಸ್ ಎಂಬ ಸಂರಚನಾ ಟಿಡ್ಲರಿನಲ್ಲಿ, ಶೀರ್ಷಿಕೆಯ ಬದಲು ಶಾಸನದ ಸಂಖ್ಯೆಯಿಂದ ಕಡತದ ಹೆಸರು ರೂಪಿಸುವಂತೆ ಹೇಳಬಹುದು.

ಅಕ್ಷರರೂಪದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಂಡೋಸ್ 8ರಿಂದ ಈಚೆಗೆ ನಿರ್ಮಲ ಯುಐ ಇದೆ, ಅದಕ್ಕೂ ಹಿಂದೆ ತುಂಗಾ ಇತ್ತು. ಲಿನಕ್ಸಿನಲ್ಲಿ ಏನಿರುತ್ತದೆ ಎಂಬುದು ಆಯಾ ಕಂಪ್ಯೂಟರಿಗೆ ಬಿಟ್ಟದ್ದು. ಮೂವರಿಗೂ ಒಂದೇ ರೂಪ ಕಾಣಬೇಕಾದರೆ ಮುಕ್ತ ಪರವಾನಗಿಯ ನೋಟೊ ಸಾನ್ಸ್ ಕನ್ನಡವನ್ನು ಚೌಕಟ್ಟಿನ ಪ್ಯಾಕೇಜಿನಲ್ಲಿ ಇಡಿ. ವಿಕಿಯೊಳಗೆ ಬೇಸ್64 ಮಾಡಿ (ಪಠ್ಯರೂಪಕ್ಕೆ ಬದಲಿಸಿ) ತುಂಬಿದರೆ ಅಕ್ಷರರೂಪದ ಕಡತದ ಗಾತ್ರ ಮೂರನೆಯ ಒಂದು ಪಾಲು ಹಿಗ್ಗುತ್ತದೆ, ಪ್ರತಿ ಬ್ಯಾಕಪ್ ಪ್ರತಿಯಲ್ಲಿಯೂ ಅದು ಮರುಕಳಿಸುತ್ತದೆ.


ಮುಂದಿನ ಸುದ್ದಿ: ಶಾಸನಾಸಕ್ತ

ಕೋಟಿಪುರ ಸರಿಯಾಯಿತು. ಹುಡುಕಿದಾಗ ಅದೇ ರೀತಿ ಬಿಡಿಸಿ ಬಂದ ಇನ್ನೂ 41 ಶೀರ್ಷಿಕೆಗಳು ಸಿಕ್ಕಿದವು.

ಹಿರಿಯರಿಗೆ ಕೊಡುವ ಮುನ್ನ ನನ್ನ ಕಂಪ್ಯೂಟರಿನಲ್ಲಿ ಎರಡು ಪರೀಕ್ಷೆ ಮಾಡಿದೆ. ಉಳಿಸುತ್ತಿರುವಾಗಲೇ ಟಾಸ್ಕ್ ಮ್ಯಾನೇಜರಿನಿಂದ ತಂತ್ರಾಂಶವನ್ನು ಕೊಲ್ಲುವುದನ್ನು ಹನ್ನೆರಡು ಸಲ ಮಾಡಿದೆ; ಒಮ್ಮೆಯೂ ಮೂಲ ಕಡತ ಕೆಡಲಿಲ್ಲ, ಎರಡು ಸಲ ತಾತ್ಕಾಲಿಕ ಕಡತ ಮಾತ್ರ ಉಳಿದುಹೋಗಿತ್ತು. ನಂತರ ಹಳೆಯ ಆವೃತ್ತಿಯ ಮೇಲೆ ಹೊಸದನ್ನು ಇನ್‌ಸ್ಟಾಲ್ ಮಾಡಿ, ತೆಗೆದುಹಾಕಿ, ಮತ್ತೆ ಇನ್‌ಸ್ಟಾಲ್ ಮಾಡಿದೆ. ಡಾಕ್ಯುಮೆಂಟ್ಸ್‌ನಲ್ಲಿದ್ದ ಶಾಸನಕೋಶ ಹಾಗೆಯೇ ಇತ್ತು.

ಕೊಟ್ಟ ಮೇಲೆ ಹಿರಿಯರು ಹೇಳಿದ ಕೊರತೆಗಳು ಎರಡು. ಬಲಗುಂಡಿ ಒತ್ತಿದರೆ ನಕಲು ಮಾಡುವ ಮೆನು ಬರುವುದಿಲ್ಲ. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಪುಟದೊಳಗೆ ಹುಡುಕುವ ಪಟ್ಟಿ ಬರುವುದಿಲ್ಲ. ಬ್ರೌಸರಿನಲ್ಲಿ ಇವೆರಡೂ ತಾವಾಗಿ ಇದ್ದುದರಿಂದ ನನಗೆ ಹೊಳೆದೇ ಇರಲಿಲ್ಲ. ಇದಲ್ಲದೆ ವಿಂಡೋಸ್ ಮೊದಲ ಸಲ ನೀಲಿ ಪರದೆಯ ಎಚ್ಚರಿಕೆ ತೋರಿಸಿ ಅವರನ್ನು ಗಾಬರಿಗೊಳಿಸಿತು.


ಉತ್ತರ: ಪಶ್ಚಿಮಘಟ್ಟ

ತಂತ್ರಾಂಶ ತೆರೆದಾಗ ಉಳಿದ ತಾತ್ಕಾಲಿಕ ಕಡತ ಕಂಡರೆ ಅದನ್ನು ಅಳಿಸದೆ ಬ್ಯಾಕಪ್ ಫೋಲ್ಡರಿಗೆ ಸರಿಸಿ. ಕೆಲವೊಮ್ಮೆ ಅದರಲ್ಲಿ ಮೂಲಕ್ಕಿಂತ ಹೊಸ ಬರಹ ಇರುತ್ತದೆ.

ಎಲೆಕ್ಟ್ರಾನ್ ಪುಟವನ್ನು ತೋರಿಸುವ ಎಂಜಿನ್ನನ್ನು ಮಾತ್ರ ಕೊಡುತ್ತದೆ, ಬ್ರೌಸರಿನ ಸುತ್ತಣ ಸಾಮಗ್ರಿಯನ್ನು ಕೊಡುವುದಿಲ್ಲ. ಕಾಂಟೆಕ್ಸ್ಟ್-ಮೆನು ಈವೆಂಟಿಗೆ ನಕಲಿಸು, ಕತ್ತರಿಸು, ಅಂಟಿಸು ಎಂಬ ಮೂರು ಸಾಲಿನ ಮೆನು ಕಟ್ಟಿ. ಹುಡುಕಲು ಫೈಂಡ್‌ಇನ್‌ಪೇಜ್ ಇದೆ, ಅದಕ್ಕೊಂದು ಚಿಕ್ಕ ಪೆಟ್ಟಿಗೆಯನ್ನು ನೀವೇ ಬರೆಯಬೇಕು. ಹೊರಗಿನ ಜಾಲತಾಣದ ಕೊಂಡಿ ಒತ್ತಿದರೆ ಅದು ನಿಮ್ಮ ಕಿಟಕಿಯೊಳಗೇ ತೆರೆಯದೆ ಅವರ ಬ್ರೌಸರಿನಲ್ಲಿ ತೆರೆಯುವಂತೆ ಸೆಟ್‌ವಿಂಡೋಓಪನ್‌ಹ್ಯಾಂಡ್ಲರಿನಲ್ಲಿ ಏರ್ಪಾಡು ಮಾಡಿ. ಪ್ರಿಲೋಡ್ ಇರುವ ಕಿಟಕಿಯಲ್ಲಿ ಅಪರಿಚಿತ ಪುಟ ತೆರೆಯುವುದು ಒಳ್ಳೆಯದಲ್ಲ.

ನೀಲಿ ಎಚ್ಚರಿಕೆ ಸ್ಮಾರ್ಟ್‌ಸ್ಕ್ರೀನಿನದು. ಡಿಜಿಟಲ್ ಸಹಿ ಇಲ್ಲದ, ಹೆಚ್ಚು ಜನ ಬಳಸದ ಇನ್‌ಸ್ಟಾಲರಿಗೆ ಅದು ಬರುತ್ತದೆ. ಸಹಿಯ ಪ್ರಮಾಣಪತ್ರಕ್ಕೂ, ಮ್ಯಾಕ್ ಆಪ್ ಅನ್ನು ನೋಟರೈಸ್ ಮಾಡಿಸಲು (ಆಪಲ್‌ನಿಂದ ಪರಿಶೀಲಿಸಿಕೊಳ್ಳಲು) ಬೇಕಾದ ವರ್ಷಕ್ಕೆ 99 ಡಾಲರಿನ ಸದಸ್ಯತ್ವಕ್ಕೂ, ಮೂವರಿಗಾಗಿ ಹಣ ಹಾಕುವುದು ಬೇಡ ಎಂದೇ ನನ್ನ ಸಲಹೆ. ಇಬ್ಬರ ಕಂಪ್ಯೂಟರಿನಲ್ಲೂ ನೀವೇ ಕುಳಿತು ಮೊದಲ ಸಲ ಅನುಮತಿ ಕೊಟ್ಟುಬಿಡಿ; ವಿಂಡೋಸಿನಲ್ಲಾದರೆ "ಹೆಚ್ಚಿನ ಮಾಹಿತಿ" ಎಂಬುದನ್ನು ಒತ್ತಬೇಕು. ಮುಂದೆ ತಾಲ್ಲೂಕಿನ ಇತರ ಆಸಕ್ತರಿಗೂ ಹಂಚುವ ಯೋಚನೆ ಬಂದಾಗ ಸಹಿಯ ವಿಷಯವನ್ನು ಮತ್ತೆ ಎತ್ತಿಕೊಳ್ಳೋಣ. ಆಗ ಟಿಡ್ಲಿವಿಕಿಯ ತಿರುಳನ್ನು (ಕಡತದೊಳಗಿನ ತಂತ್ರಾಂಶದ ಭಾಗವನ್ನು) ಹೊಸ ಆವೃತ್ತಿಗೆ ಏರಿಸುವುದನ್ನೂ ಯೋಚಿಸಬೇಕಾಗುತ್ತದೆ. ತಿರುಳು ದಾಖಲೆಯೊಳಗೇ ಇರುವುದರಿಂದ ನಿಮ್ಮ ಚೌಕಟ್ಟಿನ ಹೊಸ ಆವೃತ್ತಿ ಅದನ್ನು ಮುಟ್ಟುವುದಿಲ್ಲ. ಟಿಡ್ಲಿವಿಕಿ ತಾಣದ ಅಪ್‌ಗ್ರೇಡ್ ಪುಟಕ್ಕೆ ಪ್ರತಿಯೊಬ್ಬರ ಕಡತವನ್ನೂ ಎಳೆದು ಹಾಕಿ, ಹೊಸ ಪ್ರತಿಯನ್ನು ಪಡೆದು, ಹಳೆಯದನ್ನು ಬ್ಯಾಕಪ್ ಫೋಲ್ಡರಿಗೆ ಸರಿಸಿದ ಮೇಲೆಯೇ ಅದರ ಜಾಗದಲ್ಲಿ ಇಡಬೇಕು.